ಹನ್ನೊಂದು ಹೆಜ್ಜೆಯ ಸರ

ನಮ್ಮೂರಿನಲ್ಲಿ ಮದುಮಗಳ ಕೊರಳಿನ ಮಣಿಸರ ನೋಡಿದವರು ಚೆಂದ ಇದೆ, ಚೆಂದ ಇಲ್ಲ ಎಂಬ ಮಾತನ್ನೇ ಎತ್ತುವುದಿಲ್ಲ. ಯಾವುದರ ಸರ ಎಂದು ಕೇಳುತ್ತಾರೆ. ಮಳೆ ನಿಂತ ಮೇಲೆ ತಂತಿಗೆ ಜೋತುಬಿದ್ದ ಹನಿಗಳ ಸರ, ಕಾಶೀಬಾಯಿಯ ಕಿಟಕಿಯಲ್ಲಿಟ್ಟ ಉಪ್ಪಿನಕಾಯಿ ಜಾಡಿಗಳ ಸರ, ಬೆದರಿದ ಹುಂಜದ ಕತ್ತಿನ ಸರ, ಹೀಗೆ ಪ್ರತಿ ಸರಕ್ಕೂ ಹಿಂದೆ ಒಂದು ನೋಟ ಇರಲೇಬೇಕು. ಕಣ್ಣಾರೆ ಕಾಣದೆ ತಲೆಯಲ್ಲಿ ಹುಟ್ಟಿಸಿಕೊಂಡು ಪೋಣಿಸಿದರೆ ದಾರ ಹರಿದುಹೋಗುತ್ತದೆ. ಒಮ್ಮೆ ಪೋಣಿಸಿದ ನೋಟವನ್ನು ಇನ್ನೊಮ್ಮೆ ಪೋಣಿಸಿದರೂ ಹರಿಯುತ್ತದೆ. ಕೆಲವು ಸರಗಳು ಕೊನೆಯ ಗಂಟು ಹಾಕುವಾಗಲೇ ಹರಿಯುತ್ತವೆ. ಇನ್ನು ಕೆಲವು ಚಪ್ಪರದವರೆಗೂ ಒಳ್ಳೆಯವರಂತೆ ಬಂದು, ಮದುಮಗಳು ಪದ್ಧತಿಯಂತೆ ಮೂರು ಸಲ ಜಗ್ಗಿದಾಗ ಎಲ್ಲರೆದುರು ಹರಿದು ಮಾನ ಕಳೆಯುತ್ತವೆ. ಹರಿದರೆ ಮದುವೆ ಮುಂದಿನ ವರ್ಷದ ಅದೇ ತಿಂಗಳಿಗೆ.

ಇದು ಹೀಗೇಕೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡದ್ದು ನಾನು ಕಾಣೆ. ಊರು ಅದಕ್ಕೆ ತಕ್ಕಂತೆ ಹೊಂದಿಕೊಂಡಿತ್ತು. ಮನೆಗಳ ನೆಲದಲ್ಲಿ ಬಿರುಕು ಬಿಡಲು ಬಿಡುತ್ತಿರಲಿಲ್ಲ, ಉರುಳಿದ ಮಣಿ ಸೇರಿಕೊಳ್ಳುತ್ತದೆಂದು. ನಡುಬೀದಿಯಲ್ಲಿ ಯಾರಾದರೂ ಬಾಯಿ ತೆರೆದು ನಿಂತಿದ್ದರೆ ಗಾಡಿಯವನು ಗದರುತ್ತಿರಲಿಲ್ಲ. ಪಾಪ, ಏನೋ ನೋಡುತ್ತಿದ್ದಾನೆ ಎಂದು ಸುತ್ತು ಹಾಕಿ ಹೋಗುತ್ತಿದ್ದ. ಹೆಣ್ಣು ಹೆತ್ತವರು ಒಂದೊಂದು ಒಳ್ಳೆಯ ನೋಟವನ್ನು ಬಚ್ಚಿಟ್ಟುಕೊಂಡಿರುತ್ತಿದ್ದರು. ಬಡಿಗೇರ ಭೀಮಣ್ಣ ಮಗಳು ಹುಟ್ಟಿದ ದಿನ ಕಂಡ ಏನನ್ನೋ ಹತ್ತೊಂಬತ್ತು ವರ್ಷ ಹೆಂಡತಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ನಮ್ಮ ಮನೆಗೆ ಬಂದು ಅತ್ತೆಯ ಕಿವಿಯಲ್ಲಿ ಉಸುರಿ, ಹೊರೆ ಇಳಿಸಿದವನಂತೆ ಎರಡು ಲೋಟ ನೀರು ಕುಡಿದು ಹೋದ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ತುಳಸಾಬಾಯಿ. ಊರಿಗೆಲ್ಲ ಪೋಣಿಸುವ ಮನೆ ನಮ್ಮದೊಂದೇ. ಬೇರೆ ಕೈಗೆ ದಾರ ಒಗ್ಗುತ್ತಿರಲಿಲ್ಲ. ನನ್ನ ಅಪ್ಪನ ಕೈಗೂ ಒಗ್ಗಲಿಲ್ಲ, ಅವನು ಹಿಂದಿನ ಪಡಸಾಲೆಯಲ್ಲಿ ದಾರಕ್ಕೆ ಬಣ್ಣ ಹಾಕುತ್ತಿದ್ದ. ಅಜ್ಜನ ಕೆಲಸ ಅತ್ತೆಗೆ ಬಂತು, ಅತ್ತೆಯಿಂದ ನನಗೆ. ನಾನು ಅಂಬೂಬಾಯಿ, ಆಗ ಅಂಬೂ.

ಈ ಮನೆತನಕ್ಕೆ ಅಂಟಿದ ಇನ್ನೊಂದು ತೊಡಕಿದೆ. ಪೋಣಿಸುವವರು ತಮಗೆ ತಾವೇ ಪೋಣಿಸಿಕೊಂಡ ಸರ ನಿಲ್ಲುವುದಿಲ್ಲ. ಅತ್ತೆಗೆ ಇಪ್ಪತ್ತೆರಡಾಗಿ ಗಂಡು ಗೊತ್ತಾದ ವರ್ಷವೇ ಅಜ್ಜ ತೀರಿಕೊಂಡ. ಅವಳಿಗೆ ಪೋಣಿಸಲು ಊರಿನಲ್ಲಿ ಮತ್ತೊಂದು ಕೈ ಇರಲಿಲ್ಲ. ಆ ಗಂಡು ಎರಡು ವರ್ಷ ಕಾದು, ಹೇಳಿ ಹೋಗಿ, ಬೇರೆ ಕಡೆ ಮದುವೆಯಾದ. ಅತ್ತೆ ಮೂವತ್ತು ವರ್ಷ ಊರಿನ ಹುಡುಗಿಯರ ಕೊರಳು ತುಂಬಿದಳು. ತನ್ನ ಕೊರಳಿಗೆ ಸೆರಗು ಎಳೆದುಕೊಂಡು ಕೂತಳು. ಅದನ್ನು ದುಃಖ ಎಂದು ಅವಳು ಕರೆದದ್ದಿಲ್ಲ, ಆದರೆ ನನಗೆ ದುಃಖವಾಗುತ್ತಿತ್ತು.

ಹೀಗಿರುವಾಗ ಅವಳಿಗೆ ಐವತ್ತೆರಡು ತುಂಬಿದ ವರ್ಷ ನಮ್ಮ ಮನೆಯ ಕೊಡ ಮೇಲಿಂದ ಮೇಲೆ ಬಾವಿಗೆ ಬೀಳತೊಡಗಿತು. ಒಂದೇ ಶ್ರಾವಣದಲ್ಲಿ ಮೂರು ಸಲ. ಬಾವಿಗೆ ಬಿದ್ದ ಕೊಡ ತೆಗೆಯಲು ಊರಿಗೊಬ್ಬನೇ ಗಂಗಾರಾಮ. ಹಗ್ಗದ ತುದಿಗೆ ಕೊಕ್ಕೆಗಳ ಗೊಂಚಲು, ನಾವು ಪಾತಾಳಗರಡಿ ಎನ್ನುತ್ತೇವೆ, ಅದನ್ನು ಇಳಿಬಿಟ್ಟು ಕಣ್ಣು ಮುಚ್ಚಿ ತಡಕಾಡಿ ಕೊಡ ಎತ್ತುತ್ತಿದ್ದ. ಹೆಂಡತಿ ತೀರಿ ಏಳು ವರ್ಷವಾಗಿತ್ತು. ಮೂರನೆಯ ಸಲ ಬಂದಾಗ ಅಪ್ಪ ಹಗ್ಗವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹಗ್ಗ ಗಟ್ಟಿಯಾಗೇ ಇದೆಯಲ್ಲ ಅಕ್ಕ, ಗಂಟು ಹಾಕುವ ನಿನ್ನ ಕೈಗೆ ಕೊಡದ ಗಂಟು ಮಾತ್ರ ಬರುವುದಿಲ್ಲವೇನು ಎಂದು ಕೇಳಿದ. ಅತ್ತೆ ಕೆಂಪಗಾದಳು. ಗಂಗಾರಾಮ ನೋಡಬಾರದ್ದನ್ನು ನೋಡಿದವನಂತೆ ಬಾವಿಯೊಳಗೆ ಇಣುಕಿದ. ಮಾತುಕತೆ ಮುಗಿದದ್ದು ದೀಪಾವಳಿಗೆ, ಮದುವೆ ಗೊತ್ತಾದದ್ದು ಮಾಘಕ್ಕೆ.

ಊರಿಗೆಲ್ಲ ಇದು ಹಬ್ಬವಾಯಿತು, ಗಂಗಾರಾಮನ ಅಕ್ಕ ರುಕ್ಮಾಬಾಯಿಯೊಬ್ಬಳನ್ನು ಬಿಟ್ಟು. ಈ ವಯಸ್ಸಿಗೆ ತಮ್ಮನಿಗೆ ಹುಚ್ಚು ಎಂದು ಅವಳು ಬಾಯಿಬಿಟ್ಟೇ ಹೇಳಿದಳು. ಸರ ಹರಿದರೆ ಮುಂದಿನ ಮಾಘದವರೆಗೆ ತಾನು ಸುಮ್ಮನಿರುವವಳಲ್ಲ, ಸಂಬಂಧ ಮುರಿಯುವವಳೇ ಎಂದೂ ಹೇಳಿದಳು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮಣಿಗಳ ಬಣ್ಣಗಳು ಆಗಲೇ ಒಂದಕ್ಕೊಂದು ಬೆರೆತು ಕಾಣುತ್ತಿದ್ದವು. ಇನ್ನೊಂದು ವರ್ಷ ಎಂದರೆ ಅವಳು ಗಂಡನ ಮುಖವನ್ನೂ ಸರಿಯಾಗಿ ಕಾಣಲಾರಳು. ಪೋಣಿಸಬೇಕಾದವಳು ನಾನು, ಇಪ್ಪತ್ತಮೂರು ವರ್ಷದವಳು. ಅದುವರೆಗೆ ನಾನು ಒಂಟಿಯಾಗಿ ಪೋಣಿಸಿದ್ದು ನಾಲ್ಕೇ ಸರ, ನಾಲ್ಕಕ್ಕೂ ನೋಟ ತೋರಿಸಿದ್ದು ಅತ್ತೆ.

ಅಲ್ಲೇ ಇತ್ತು ಕಷ್ಟ. ಯಾವ ನೋಟ ಹೋಗಿದೆ, ಯಾವುದು ಉಳಿದಿದೆ ಎಂದು ಬಲ್ಲವಳು ಅತ್ತೆ ಒಬ್ಬಳೇ. ಅದೆಲ್ಲ ಅವಳ ನೆನಪಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಆದರೆ ಕೊರಳಿಗೆ ಬೀಳುವ ಮುಂಚೆ ಮದುಮಗಳಿಗೆ ತನ್ನ ನೋಟ ಗೊತ್ತಾಗಬಾರದು. ಅವಳನ್ನು ಕೇಳುವಂತಿಲ್ಲ. ನನಗೆ ನೋಡಲು ಕಲಿಸಿದವಳೂ ಅವಳೇ ಆದ್ದರಿಂದ ನಾನು ಎತ್ತ ಹೊರಳಿದರೂ ಅವಳ ಕಣ್ಣು ಮೊದಲೇ ಅಲ್ಲಿಗೆ ಹೋಗಿ ಬಂದಿರುತ್ತಿತ್ತು. ಸಂತೆಯಲ್ಲಿ ಮೆಣಸಿನಕಾಯಿಯ ರಾಶಿ ಕಂಡರೆ, ಇದು ಶೆಟ್ಟರ ಸೊಸೆಯ ಕೊರಳಲ್ಲಿದೆ. ಸಾಲಾಗಿ ಕೂತ ಗಿಳಿ ಕಂಡರೆ, ಅದು ಶಾಲೆಯ ಅಕ್ಕೋರ ಕೊರಳಲ್ಲಿದೆ.

ನನಗೆ ಮೊದಲು ಹೊಳೆದದ್ದು ಬಾವಿ. ಹೊಳೆದಾಗ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ನಕ್ಕೆ. ಗಂಗಾರಾಮ ಎತ್ತುವಾಗ ಕತ್ತಲಿನಿಂದ ಮೇಲೆ ಬರುವ ತಾಮ್ರದ ಕೊಡ, ಅದರ ಮೈಯಿಂದ ಇಳಿಯುವ ನೀರು. ಮದುವೆಗೆ ಕಾರಣವಾದ ಕೊಡವೇ ಕೊರಳಿಗೆ ಬಂದರೆ ಅದಕ್ಕಿಂತ ಇನ್ನೇನು ಬೇಕು. ಕಪ್ಪು ಮಣಿ, ಕಪ್ಪು ಮಣಿ, ನಡುವೆ ತಾಮ್ರದ ಬಣ್ಣದ್ದು, ಆಮೇಲೆ ಗಾಜಿನವು. ಐದು ದಿನ ಹಿಡಿಯಿತು. ಪಕ್ಕದ ಮನೆಯ ಸುಗಂಧಾಬಾಯಿ ಹಿಟ್ಟು ಕೇಳಲು ಬಂದು ನಿಂತಿದ್ದಳು. ನಾನು ಗಂಟು ಬಿಗಿದೆ. ದಾರ ಹರಿದು ಮಣಿಗಳೆಲ್ಲ ನೆಲದ ತುಂಬ ಓಡಾಡಿದವು.

ಯಾವ ನೋಟವೇ ಅದು ಎಂದು ಸುಗಂಧಾಬಾಯಿ ಮೆಲ್ಲಗೆ ಕೇಳಿದಳು. ಅತ್ತೆ ಹಿತ್ತಲಲ್ಲಿದ್ದಳು, ಹೇಳಿದೆ. ಅವಳು ಸೆರಗು ಸರಿಸಿ ತನ್ನ ಕೊರಳಿನ ಸರವನ್ನು ಎತ್ತಿ ತೋರಿಸಿದಳು. ಕಪ್ಪು ಮಣಿ, ಕಪ್ಪು ಮಣಿ, ತಾಮ್ರದ್ದು, ಗಾಜಿನವು. ಅದರ ಮೇಲೆ ನಾನು ಕಂಡೇ ಇಲ್ಲದ ನಾಲ್ಕು ಕಂದು ಮಣಿ.

“ಇಪ್ಪತ್ತೆರಡು ವರ್ಷದ ಹಿಂದ ನಿಮ್ಮತ್ತಿ ಹಾಕಿದ್ದು ಇದು,” ಅಂದಳು. “ಈ ನಾಕು ಮಣಿ ಏನ್ ಹೇಳು? ಹಗ್ಗ ಹಿಡಿದ ಅವನ ಬೆರಳು.”

ಇಪ್ಪತ್ತೆರಡು ವರ್ಷದ ಹಿಂದೆ ಗಂಗಾರಾಮನ ಹೆಂಡತಿ ಇದ್ದಳು, ಅವನಿಗೆ ಸಂಸಾರವಿತ್ತು. ಅತ್ತೆ ನೋಡಿದ್ದಾಳೆ. ಬೆರಳು ಕೂಡ ಬಿಡದೆ ನೋಡಿದ್ದಾಳೆ. ನೋಡಿದ್ದನ್ನು ಪೋಣಿಸಿ, ಬೇರೊಬ್ಬಳ ಕೊರಳಿಗೆ ಹಾಕಿ ಕಳಿಸಿಬಿಟ್ಟಿದ್ದಾಳೆ. ನಾನು ನೆಲದ ಮೇಲೆ ಕೂತು ಮಣಿ ಆರಿಸುತ್ತಾ ಕಣ್ಣೀರು ಹಾಕಿದೆ. ಈ ಸರ ಹರಿಯಬಾರದು ಎಂಬುದು ಅದುವರೆಗೆ ನನಗೆ ಕೆಲಸದ ಚಿಂತೆಯಾಗಿತ್ತು. ಆ ದಿನದಿಂದ ಅದು ಊಟ ಸೇರದ ಚಿಂತೆಯಾಯಿತು.

ಸುದ್ದಿ ಹಬ್ಬಿತು. ಜನ ಹೇಗೆಂದರೆ, ಬಚ್ಚಿಟ್ಟುಕೊಂಡಿದ್ದನ್ನು ಕೊಡಲು ಬಂದರು. ಭೀಮಣ್ಣ ತನ್ನ ಎರಡನೆಯ ಮಗಳಿಗೆಂದು ಇಟ್ಟುಕೊಂಡಿದ್ದ ನೋಟವನ್ನೇ ತಂದು, ತುಳಸಕ್ಕನಿಗಿರಲಿ, ನನ್ನ ಮಗಳಿಗಿನ್ನೂ ಒಂಬತ್ತು, ಇನ್ನೊಂದು ಹುಡುಕಿಕೊಂಡರಾಯಿತು ಎಂದ. ಅವನ ಜೊತೆ ಹೋಗಿ ನೋಡಿದೆ. ಕಟ್ಟಿಗೆ ಹೊಟ್ಟಿನ ಮೇಲೆ ಬೆಳಗಿನ ಬಿಸಿಲು ಬೀಳುವ ಒಂದು ಗಳಿಗೆ, ನಿಜವಾಗಿಯೂ ಚೆಂದ. ಪೋಣಿಸಿದೆ, ಹರಿಯಿತು. ಅದು ಅವನ ಮಗಳ ನೋಟ, ನಮ್ಮತ್ತೆಯದಲ್ಲ, ದಾರಕ್ಕೆ ಗೊತ್ತಾಯಿತು ಎಂದುಕೊಂಡೆ. ಆಮೇಲೆ ಹತಾಶೆಯಲ್ಲಿ ಸುಮ್ಮನೆ ಬಣ್ಣಕ್ಕೆ ಬಣ್ಣ ಹೊಂದಿಸಿ ಒಂದನ್ನು ಕಟ್ಟಿದೆ. ಅಷ್ಟು ಮುದ್ದಾದ ಸರವನ್ನು ನಾನು ಮತ್ತೆ ಮಾಡಿಲ್ಲ. ಗಂಟು ಹಾಕಲೂ ಬಿಡದೆ ಹರಿಯಿತು. ಮದುವೆಗೆ ನಾಲ್ಕು ದಿನ ಉಳಿದಿತ್ತು.

ಹೊರಗೆ ಕೂತ ಅತ್ತೆಗೆ ಮಣಿ ಉರುಳುವ ಸದ್ದು ಪ್ರತಿ ಸಲವೂ ಕೇಳಿಸುತ್ತಿತ್ತು. ಕಣ್ಣು ಮಂಜಾದವರಿಗೆ ಕಿವಿ ಚುರುಕು. ಮೂರನೆಯ ಸಲ ಮಾತ್ರ ಒಳಗೆ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು, ಹೀಗೇ ಇದ್ದರೂ ನನಗೇನೂ ಕಡಿಮೆಯಾಗಿಲ್ಲ, ಊಟ ಮಾಡು ಬಾ ಎಂದಳು. ನನಗೆ ಅದೇ ತಡೆಯಲಾಗಲಿಲ್ಲ. ಹರಿದ ಸರದ ಮಣಿಗಳು ಪೆಟ್ಟಿಗೆಯ ಅಡಿಗೆ ಸೇರಿದ್ದವು. ಪೊರೆ ಬಂದ ಅವಳ ಕಣ್ಣಿಗೆ ನನ್ನ ಕಣ್ಣೀರು ಕಾಣುವುದಿಲ್ಲ ಎಂಬುದನ್ನು ಮರೆತು, ಮುಖ ಮರೆಸಲು ನೆಲಕ್ಕೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ಪೆಟ್ಟಿಗೆಯಡಿ ಕೈ ಹಾಕಿದೆ. ಅತ್ತೆ ತಿರುಗಿ ಹಿತ್ತಲ ಬಾಗಿಲಿನತ್ತ ನಡೆದಳು.

ನನಗೆ ಕಂಡದ್ದು ಅವಳ ಅಂಗಾಲು.

ಕೂಡಲೇ ನಾನು ಆರು ವರ್ಷದವಳಾದೆ. ಆಗೆಲ್ಲ ನಾನು ಮಧ್ಯಾಹ್ನ ಇದೇ ನೆಲದ ಮೇಲೆ ಹೀಗೇ ಮಲಗಿರುತ್ತಿದ್ದೆ. ಅತ್ತೆ ದಾರದ ತುದಿಯನ್ನು ಎಡಗಾಲಿನ ಹೆಬ್ಬೆರಳಿಗೆ ಕಟ್ಟಿ, ಜಗ್ಗಿ ಹಿಡಿದು, ಇಡೀ ದಿನ ಪೋಣಿಸುತ್ತಿದ್ದಳು. ಬೆರಳಿನಲ್ಲಿ ದಾರದ ಗೆರೆ ಕೂತುಬಿಟ್ಟಿತ್ತು. ಸಂಜೆ ದಾರ ಬಿಚ್ಚಿ, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಕೆಳಗೆ ಬಿದ್ದ ಸಣ್ಣ ಮಣಿಗಳು ಅವಳ ಅಂಗಾಲಿಗೆ ಅಂಟಿಕೊಳ್ಳುತ್ತಿದ್ದವು. ಮಲಗಿದ್ದ ನನಗೆ ಅವು ಕಾಣುತ್ತಿದ್ದವು. ಬಲಗಾಲು ಎತ್ತಿದಾಗ ಹಿಮ್ಮಡಿಯ ಬಿರುಕಿನಲ್ಲಿ ಎರಡು ನೀಲಿ. ಎಡಗಾಲು ಎತ್ತಿದಾಗ ಹೆಬ್ಬೆರಳ ಕೆಳಗೆ ಒಂದು ಹಸಿರು. ನಡುವಿನ ಗುಳಿಯಲ್ಲಿ ಎಂದೂ ಏನೂ ಇಲ್ಲ, ಅದು ನೆಲ ಮುಟ್ಟುವುದಿಲ್ಲವಲ್ಲ. ಮಣ್ಣಿನ ಬಣ್ಣದ ಅಂಗಾಲು, ಒಂದೊಂದು ಹೆಜ್ಜೆಗೂ ಚಿಕ್ಕದಾಗುತ್ತಾ ಹಿತ್ತಲ ಬಾಗಿಲಿಗೆ ಹೋಗುತ್ತಿತ್ತು. ಹನ್ನೊಂದು ಹೆಜ್ಜೆ. ನನಗೆ ಎಣಿಸಲು ಬಂದದ್ದೇ ಆ ಹೆಜ್ಜೆಗಳಿಂದ. ಹೊಸಿಲಿಗೆ ಅಂಗಾಲು ಒರೆಸಿ ಮಣಿ ಉದುರಿಸಿ ಅವಳು ಆಚೆ ಹೋದ ಮೇಲೆ ನಾನು ತೆವಳಿ ಹೋಗಿ ಅವನ್ನು ಆರಿಸಿ ಬಾಯಿಯಲ್ಲಿಟ್ಟುಕೊಳ್ಳುತ್ತಿದ್ದೆ. ಉಪ್ಪುಪ್ಪಾಗಿರುತ್ತಿದ್ದವು. ಆ ರುಚಿ ಈಗಲೂ ನಾಲಿಗೆಗೆ ಗೊತ್ತು.

ಊರಿನಲ್ಲಿ ಎಲ್ಲವನ್ನೂ ನೋಡಿ ಮುಗಿಸಿದವಳು ಇದನ್ನು ನೋಡಿರಲು ಸಾಧ್ಯವಿರಲಿಲ್ಲ. ನಡೆದು ಹೋಗುವ ತನ್ನ ಅಂಗಾಲನ್ನು ಯಾರು ತಾನೇ ಕಂಡಿದ್ದಾರೆ.

ಎದ್ದು ಕೂತು ಪೋಣಿಸಿದೆ. ಎದೆಯ ಮೇಲೆ ಕೂರುವ ನಡುಭಾಗಕ್ಕೆ ದೊಡ್ಡ ಮಣ್ಣಿನ ಮಣಿಗಳು, ಅಲ್ಲಿಂದ ಹಿಂದಕ್ಕೆ ಹೋದಂತೆ ಸಣ್ಣವು, ಕುತ್ತಿಗೆಯ ಹಿಂದೆ ಸಾಸಿವೆಯಷ್ಟು. ಹನ್ನೊಂದು ಭಾಗ. ನಡುನಡುವೆ ಎರಡು ನೀಲಿ, ಒಂದು ಹಸಿರು, ಮತ್ತೆ ಖಾಲಿ ದಾರ, ಗುಳಿಯ ಜಾಗಕ್ಕೆ. ನೋಡಿದರೆ ಬಡವರ ಮನೆಯ ಸರದ ಹಾಗಿತ್ತು. ಗಂಟು ಹಾಕಿದೆ. ನಿಂತಿತು. ಖುಷಿಪಡಲು ಹೋದವಳಿಗೆ ಆಗ ಇನ್ನೊಂದು ನೆನಪಾಯಿತು. ಚಪ್ಪರದಲ್ಲಿ ಗಂಡಿನ ಕಡೆಯ ಹಿರಿಯರು ಯಾವುದರ ಸರ ಎಂದು ಕೇಳುತ್ತಾರೆ, ಪೋಣಿಸಿದವಳು ಎಲ್ಲರಿಗೂ ಕೇಳುವಂತೆ ಹೇಳಬೇಕು. ಗಂಡಿನ ಕಡೆಯ ಹಿರಿಯಳು ರುಕ್ಮಾಬಾಯಿ. ಕೊರಳಿಗೆ ಹಾಕುವುದನ್ನು ಕಾಲಿನಿಂದ ತಂದೆ ಎಂದು ಅವಳೆದುರು ಹೇಗೆ ಹೇಳಲಿ.

ಮದುವೆಯ ದಿನ ಊರಿಗೆ ಊರೇ ಸೇರಿತ್ತು. ಅತ್ತೆಯಿಂದ ಸರ ಹಾಕಿಸಿಕೊಂಡ ಹೆಂಗಸರೆಲ್ಲ ಅವನ್ನೇ ಹಾಕಿಕೊಂಡು ಬಂದಿದ್ದರು. ಮಣಿ ಉರುಳಿದರೆ ಸಿಗಲೆಂದು ಹಾಸಿದ್ದ ಜಮಖಾನೆಯ ಸುತ್ತ ಹನಿಗಳು, ಜಾಡಿಗಳು, ಗಿಳಿಗಳು, ಮೆಣಸಿನಕಾಯಿಗಳು ಕೂತಿದ್ದವು. ಅವಳ ಮೂವತ್ತು ವರ್ಷದ ಕಣ್ಣು ಅಲ್ಲಿ ಹರಡಿಕೊಂಡಿತ್ತು. ನಾನು ಸರ ತೊಡಿಸಿದೆ. ರುಕ್ಮಾಬಾಯಿ ಅದನ್ನು ನೋಡಿ ತುಟಿ ಓರೆ ಮಾಡಿ, ಯಾವುದರ ಸರ ಎಂದು ಕೇಳಿದಳು.

ಇದು ನಮ್ಮತ್ತೆಯ ಅಂಗಾಲಿನ ಸರ ಎಂದೆ. ಕೂತವರಲ್ಲಿ ಗುಸುಗುಸು ಎದ್ದಿತು. ಕಾಲ ಕೆಳಗಿನದನ್ನು ಕೊರಳಿಗೆ ಕಟ್ಟುವ ಮನೆತನದಿಂದ ನಾವು ಹೆಣ್ಣು ತರಬೇಕೇ ಎಂದು ರುಕ್ಮಾಬಾಯಿ ತಮ್ಮನ ಕಡೆ ತಿರುಗಿದಳು. ಗಂಗಾರಾಮ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈ ಎತ್ತಿದಳು. ಅವಳು ಕಣ್ಣು ಮುಚ್ಚಿ, ಸರವನ್ನು ಬೆರಳಿನಲ್ಲಿ ಓಡಿಸುತ್ತಾ, ಎದೆಯಿಂದ ಕುತ್ತಿಗೆಯ ಹಿಂದಿನವರೆಗೆ ಒಂದೊಂದಾಗಿ ಮುಟ್ಟಿದಳು. ಖಾಲಿ ದಾರ ಸಿಕ್ಕಲ್ಲೆಲ್ಲ ಬೆರಳು ನಿಲ್ಲಿಸಿದಳು. ತುಟಿಗಳು ಅಲುಗಾಡುತ್ತಿದ್ದವು, ಎಣಿಸುತ್ತಿದ್ದಳು.

“ಹನ್ನೊಂದು,” ಅಂದಳು. “ಹಿತ್ತಲ ಬಾಗಿಲತನಾ. ನೀ ಎಚ್ಚರ ಇರತಿದ್ದೀ ಏನ?”

ಹೌದು ಎಂದೆ. ನಾನು ಮಲಗಿದ್ದೇನೆಂದೇ ಅವಳು ಅಷ್ಟು ವರ್ಷ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳಂತೆ. ಆಮೇಲೆ ರುಕ್ಮಾಬಾಯಿಯ ಕಡೆ ಮುಖ ಮಾಡಿ, ಇಷ್ಟು ವರ್ಷ ಒಬ್ಬರಾದರೂ ಹಿಂದಿನಿಂದ ನನ್ನನ್ನು ನೋಡುತ್ತಿದ್ದರು, ಅದನ್ನು ಕೊರಳಿಗಲ್ಲದೆ ಇನ್ನೆಲ್ಲಿಗೆ ಹಾಕಿಕೊಳ್ಳಲಿ ಎಂದು ಕೇಳಿ ಸರವನ್ನು ಜಗ್ಗಿದಳು. ಮೂರು ಸಲ, ಪೂರಾ ಬಲ ಹಾಕಿ. ಕುತ್ತಿಗೆಯ ಮೇಲೆ ಕೆಂಪು ಗೆರೆ ಎದ್ದಿತು. ಸರ ನಿಂತಿತು. ರುಕ್ಮಾಬಾಯಿ, ಅಕ್ಷತೆ ಎಲ್ಲಿ ಎಂದು ಯಾರನ್ನೋ ಗದರಿದಳು.

ಅತ್ತೆ ಬಾವಿಯ ಓಣಿಯ ಗಂಗಾರಾಮನ ಮನೆಗೆ ಹೋದಳು. ಅಲ್ಲಿ ಐದು ವರ್ಷ ಬದುಕಿದಳು. ಸುಖವಾಗಿದ್ದಳು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡನೆಯ ವರ್ಷಕ್ಕೆ ಕಣ್ಣು ಪೂರ್ತಿ ಹೋಯಿತು. ಆಗ ಒಂದು ದಿನ ಗಂಗಾರಾಮನ ಕೈಯಿಂದ ಮಣಿಯ ಡಬ್ಬಿ ತರಿಸಿಕೊಂಡಳು. ಈ ವಯಸ್ಸಿನಲ್ಲಿ ಕುರುಡು ಕೈಯಿಂದ ಏನು ಪೋಣಿಸುತ್ತೀ ಎಂದು ನಾನು ರೇಗಿದರೆ, ಊರಿಗೆಲ್ಲ ಪೋಣಿಸುವವಳು ಈಗ ನೀನು, ನಿನಗೆ ಪೋಣಿಸಲು ಇನ್ನು ಯಾರಿದ್ದಾರೆ ಎಂದಳು. ನನಗೆ ಆ ಯೋಚನೆಯೇ ಬಂದಿರಲಿಲ್ಲ. ಅವಳಿಗೆ ತನ್ನ ಮದುವೆಯ ದಿನದಿಂದ ಬೇರೆ ಯೋಚನೆಯೇ ಇರಲಿಲ್ಲವಂತೆ.

ಒಂಬತ್ತು ತಿಂಗಳು ಪೋಣಿಸಿದಳು. ಹಸಿರು ಕೊಡು, ಹಾಲಿನ ಬಣ್ಣದ್ದು ಮೂರು ಕೊಡು ಎಂದು ಅವಳು ಕೇಳುವುದು, ಕೊಡ ಎತ್ತುವ ಆ ದೊಡ್ಡ ಬೆರಳುಗಳಿಂದ ಗಂಗಾರಾಮ ಆರಿಸಿ ಕೊಡುವುದು. ಗಂಟುಗಳು ದಪ್ಪ, ಅಲ್ಲಲ್ಲಿ ಸಡಿಲ. ಎಲ್ಲ ಹಸಿರು, ನಡುವೆ ಮೂರು ಮೂರು ಹಾಲಿನ ಬಣ್ಣದ ಮಣಿ, ಒಂದು ಕಡೆ ಮಾತ್ರ ಒಂಟಿ ಕೆಂಪು. ಯಾವುದರ ಸರ ಅತ್ತೆ ಎಂದು ಕೇಳಿದರೆ ನಗುವಳು. ಮದುವೆ ಮಾಡಿಕೋ, ಚಪ್ಪರದಲ್ಲಿ ಹೇಳುತ್ತೇನೆ ಎನ್ನುವಳು. ನಾನು ಇವತ್ತು ನಾಳೆ ಎಂದು ತಡ ಮಾಡಿದೆ. ಅದೊಂದು ತಪ್ಪನ್ನು ನಾನು ನನಗೆ ಇನ್ನೂ ಮನ್ನಿಸಿಕೊಂಡಿಲ್ಲ.

ನನ್ನ ಮದುವೆಯ ಹೊತ್ತಿಗೆ ಅತ್ತೆ ತೀರಿ ಎಂಟು ತಿಂಗಳಾಗಿತ್ತು. ಗಂಡ ಅದೇ ಭೀಮಣ್ಣನ ಅಣ್ಣನ ಮಗ, ಬಡಿಗತನದ ಶಂಕರ. ಸರವನ್ನು ಗಂಗಾರಾಮ ತಂದು ತೊಡಿಸಿದ. ಯಾವುದರ ಸರ ಎಂದು ಭೀಮಣ್ಣ ಪದ್ಧತಿಯಂತೆ ಕೇಳಿದ. ಹೇಳುವವರಿಲ್ಲ. ಗಂಗಾರಾಮ ಎದ್ದು ನಿಂತ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನನಗೂ ಹೇಳಿಲ್ಲ,” ಅಂದ. “‘ಅಂಬೂಗ ಕಾಣದ್ದು, ನಾ ಕಂಡದ್ದು’ ಅಂತ ಆಕಿ ಅಷ್ಟ ಅಂದಿದ್ಲು.”

ಅದು ಉತ್ತರವೇ, ಅಲ್ಲವೇ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ನಾನು ಕಾಯಲಿಲ್ಲ, ಜಗ್ಗಿದೆ. ಮೂರು ಸಲ. ಆ ಸಡಿಲ ಗಂಟುಗಳಲ್ಲಿ ಒಂದೂ ಅಲುಗಲಿಲ್ಲ.

ಈಗ ನನಗೆ ಅತ್ತೆಯ ವಯಸ್ಸು ದಾಟಿದೆ. ಸರ ಇನ್ನೂ ಕೊರಳಲ್ಲಿದೆ. ನೋಡಿದವರು ಯಾವುದರ ಸರ ಎಂದು ಈಗಲೂ ಕೇಳುತ್ತಾರೆ, ನನಗೆ ಗೊತ್ತಿಲ್ಲ, ನಮ್ಮತ್ತೆಗೆ ಗೊತ್ತು ಎನ್ನುತ್ತೇನೆ. ನನಗೆ ಕಾಣದ್ದು ನನ್ನ ಮೈಯಲ್ಲೇ ಇರಬೇಕಲ್ಲ ಎಂದು, ಕೆಲವು ದಿನ ಬೆಳಗ್ಗೆ ನಾನು ಶಂಕರನಿಗೆ ಬೆನ್ನು ಹಾಕಿ ನಿಂತು, ನಡೆದು ತೋರಿಸಿ, ಮಲಗಿ ತೋರಿಸಿ, ನನ್ನಲ್ಲಿ ಹಸಿರು ಎಲ್ಲಿದೆ ನೋಡಿ ಎಂದು ಕೇಳುತ್ತೇನೆ. ಅವನು ಮರ ಹೆರೆಯುವ ರಂದ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ನಿಧಾನವಾಗಿ ನೋಡುತ್ತಾನೆ. ಮೂವತ್ತು ವರ್ಷದಿಂದ ನೋಡುತ್ತಿದ್ದಾನೆ. ಇನ್ನೂ ಸಿಕ್ಕಿಲ್ಲ, ನಾಳೆ ಮತ್ತೆ ನೋಡುತ್ತೇನೆ ಎನ್ನುತ್ತಾನೆ.